ಜೀವಕೋಶಕ್ಕೆ ಮನಸ್ಸು ಕೊಟ್ಟವರು ಯಾರು?

ಆತ್ಮೀಯ ಲೇಖಕಿಗೆ, ನಮಸ್ಕಾರಗಳು.

ನಿಮ್ಮ ‘ಚರ್ಮದ ಜಾಣ ಕೋಶಗಳು’ ಲೇಖನ ತಲುಪಿತು. ಎಳೆತ, ಒತ್ತಡ, ಇಕ್ಕಟ್ಟುಗಳಿಗೆ ಚರ್ಮದ ಆಕರಕೋಶಗಳು (ಸ್ಟೆಮ್ ಸೆಲ್‌ಗಳು) ಹೇಗೆ ಸ್ಪಂದಿಸುತ್ತವೆ ಎಂಬುದು ಕನ್ನಡದಲ್ಲಿ ಸಲೀಸಾಗಿ ಬರೆಯಬಹುದಾದ ವಿಷಯವಲ್ಲ. ನೀವು ಬರೆದಿದ್ದೀರಿ. ಭಾಷೆ ಚೊಕ್ಕವಾಗಿದೆ, ಕಾಗುಣಿತ ಸರಿಯಾಗಿದೆ. ಡೊಂಬಿವಲಿಯಿಂದ ಮುಂಬಯಿಯ ಪರೇಲಿಗೆ ದಿನವೂ ಲೋಕಲ್ ರೈಲಿನಲ್ಲಿ ಬಂದು, ಸುಟ್ಟಗಾಯದ ವಾರ್ಡಿನಲ್ಲಿ ದಾದಿಯಾಗಿ ದುಡಿದು, ರಾತ್ರಿ ಕುಳಿತು ಬರೆದಿದ್ದೀರಿ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಓದಿದೆ. ಆದರೂ ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಸಾಮಾನ್ಯವಾಗಿ ಎರಡು ಸಾಲಿನ ಕಾರ್ಡಿನಲ್ಲಿ ಮುಗಿಸುವ ಕೆಲಸ ಇದು. ಈ ಸಲ ಸಿಟ್ಟು ಬಂದಿರುವುದರಿಂದ ಪತ್ರ ಉದ್ದವಾಗಲಿದೆ.

ಸಿಟ್ಟಿಗೆ ಕಾರಣ ನಿಮ್ಮ ಎರಡನೆಯ ಪುಟ. ಅಲ್ಲಿ ಬಿಸಿನೀರು ಬಿದ್ದು ನೆತ್ತಿಯ ಒಂದು ಭಾಗ ಬೋಳಾದ ಹುಡುಗಿ ಬರುತ್ತಾಳೆ. ಪಕ್ಕದ, ಕೂದಲಿರುವ ಚರ್ಮದ ಕೆಳಗೆ ಶಸ್ತ್ರವೈದ್ಯರು ಸಿಲಿಕೋನಿನ ಚೀಲವೊಂದನ್ನು ಇಟ್ಟಿದ್ದಾರೆ. ವಾರಕ್ಕೊಮ್ಮೆ ನೀವು ಸೂಜಿಯಿಂದ ಅದಕ್ಕೆ ಉಪ್ಪುನೀರು ತುಂಬುತ್ತೀರಿ. ಚರ್ಮ ಬಿಳಿಚಿಕೊಂಡ ತಕ್ಷಣ ಕೈ ನಿಲ್ಲಿಸುತ್ತೀರಿ, ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುತ್ತೀರಿ, ಬಣ್ಣ ಮರಳುವವರೆಗೆ ಕಾಯುತ್ತೀರಿ. ವಾರಗಳು ಕಳೆದ ಮೇಲೆ ಅಲ್ಲಿ ಮೊದಲಿಲ್ಲದ ಚರ್ಮ ಬೆಳೆದಿರುತ್ತದೆ, ಕೂದಲ ಸಮೇತ ಅದನ್ನು ಬೋಳಿನ ಮೇಲೆ ಎಳೆದು ಹೊಲಿಯುತ್ತಾರೆ. ಎಂಟು ಸಾಲು. ಓದಿ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ಒಂಬತ್ತನೆಯ ಸಾಲಿಗೆ ಬಂದೆ:

“ಎಳೆತವನ್ನು ಅರಿತ ಆಕರಕೋಶವು ದೇಹಕ್ಕೆ ಇನ್ನಷ್ಟು ಚರ್ಮ ಬೇಕೆಂದು ನಿರ್ಧರಿಸಿ ವಿಭಜನೆಗೆ ಸಜ್ಜಾಗುತ್ತದೆ.”

ಅಲ್ಲ ತಾಯಿ, ಅದು ಹೇಗೆ ಅರಿಯಿತು? ಯಾವ ಸಭೆ ಸೇರಿ ನಿರ್ಧರಿಸಿತು? ಲೇಖನದ ಜೊತೆ ನೀವೇ ಲಗತ್ತಿಸಿದ ಪ್ರಬಂಧಗಳನ್ನು ಪೆನ್ಸಿಲ್ ಹಿಡಿದು ಓದಿದೆ. ಅವುಗಳಲ್ಲಿ ಎಲ್ಲೂ ಕೋಶ ಏನನ್ನೂ ಬಯಸುವುದಿಲ್ಲ. ಅಲ್ಲಿ ಇರುವುದು ಹಗ್ಗ, ಕೊಕ್ಕೆ, ಕಿಂಡಿಗಳು. ಹೊರಚರ್ಮದ ಅತ್ಯಂತ ಕೆಳಗಿನ ಸಾಲಿನಲ್ಲಿ ಕುಳಿತ ಆಕರಕೋಶ ಇಂಟಗ್ರಿನ್ ಎಂಬ ಪ್ರೋಟೀನುಗಳಿಂದ ತಳಪೊರೆಯನ್ನು ಕಚ್ಚಿ ಹಿಡಿದಿರುತ್ತದೆ. ಆ ಕೊಕ್ಕೆಗಳ ಒಳತುದಿಗೆ ಆಕ್ಟಿನ್ ಎಳೆಗಳು ಬಿಗಿದುಕೊಂಡಿವೆ, ಆ ಎಳೆಗಳು ಕೋಶಕೇಂದ್ರದ ಕವಚದವರೆಗೂ ತಲುಪುತ್ತವೆ. ಕೆಳಗಿನ ಚೀಲ ಉಬ್ಬಿದಾಗ ಪೊರೆ ಹಿಗ್ಗುತ್ತದೆ, ಕೋಶ ಚಪ್ಪಟೆಯಾಗುತ್ತದೆ, ಎಳೆಗಳು ಬಿಗಿಯುತ್ತವೆ. ಆಗ ಅದುವರೆಗೆ ಕೋಶಕೇಂದ್ರದ ಸುತ್ತಲಿನ ಕೋಶರಸದಲ್ಲಿದ್ದ ಯಾಪ್ ಎಂಬ ಪ್ರೋಟೀನು ಕೇಂದ್ರದ ಒಳಗೆ ಹೋಗಿ ವಿಭಜನೆಗೆ ಬೇಕಾದ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಯಾಪ್ ಹೀಗೆ ಬಿಗಿತಕ್ಕೆ ಮಣಿಯುತ್ತದೆ ಎಂದು ಇಟಲಿಯ ಪಡುವಾದಲ್ಲಿ ಸ್ಟೆಫಾನೊ ಪಿಕ್ಕೊಲೊ ಅವರ ತಂಡ 2011ರಲ್ಲಿ ತೋರಿಸಿತು. 2020ರಲ್ಲಿ ಬ್ರಸೆಲ್ಸ್‌ನ ಸೆಡ್ರಿಕ್ ಬ್ಲಾನ್‌ಪ್ಯಾನ್ ಅವರ ತಂಡ ಇಲಿಯ ಚರ್ಮದಡಿ ತಾನಾಗಿಯೇ ಉಬ್ಬುವ ಜೆಲ್ ಇಟ್ಟು, ಒಂದೊಂದು ಕೋಶದ ಸಂತತಿಯನ್ನೂ ಹಿಂಬಾಲಿಸಿತು. ಸರಾಸರಿ ನೋಡಿದರೆ ಒಂದು ಆಕರಕೋಶ ಒಡೆದಾಗ ಒಂದು ಅಲ್ಲೇ ಉಳಿಯುತ್ತದೆ, ಇನ್ನೊಂದು ಬಲಿತು, ಎಂದರೆ ಚರ್ಮದ ಮೇಲಿನ ಪದರದ ಕೋಶವಾಗಿ ಮಾರ್ಪಡುತ್ತ, ಮೇಲೇರುತ್ತದೆ. ಎಳೆತ ಬಿದ್ದಾಗ ಕೆಲಕಾಲ ಎರಡೂ ಆಕರಕೋಶಗಳಾಗಿಯೇ ಉಳಿಯುವ ವಿಭಜನೆಗಳು ಹೆಚ್ಚುತ್ತವೆ. ನಿಮ್ಮ ಸೂಜಿಯ ತುದಿಯಲ್ಲಿ ನಡೆಯುತ್ತಿರುವುದಕ್ಕೆ ತೀರಾ ಹತ್ತಿರದ ಪ್ರಯೋಗ ಇದು. ಈ ಪ್ರಬಂಧ ನಿಮ್ಮ ಕಡತದಲ್ಲೇ ಇತ್ತು. ಲೇಖನಕ್ಕೆ ಬಂದಿದ್ದು ‘ನಿರ್ಧರಿಸಿ’ ಎಂಬುದು ಮಾತ್ರ!

ಮೂರನೆಯ ಪುಟ. “ಪೀಜೋ ಎಂಬ ಸಂವೇದಕವು ಗಾಯದ ನೋವನ್ನು ಗುರುತಿಸಿ, ಬೇಗ ಮಾಯುವಂತೆ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ.” ಪೀಜೋ-1 ಕೋಶದ ಪೊರೆಯಲ್ಲಿರುವ ಕಿಂಡಿ. ಪೊರೆ ಹಿಗ್ಗಿದರೆ ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅಷ್ಟೇ. 2010ರಲ್ಲಿ ಇದನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು ಎಂದು ನೀವು ಬರೆದಿದ್ದೀರಿ, ಸರಿ. ಆದರೆ ಅದೇ 2021ರಲ್ಲಿ ಬಂದ ಇನ್ನೊಂದು ಫಲಿತಾಂಶವನ್ನು ಹಾರಿಸಿಬಿಟ್ಟಿದ್ದೀರಿ. ಹೊರಚರ್ಮದ ಕೋಶಗಳಲ್ಲಿ ಪೀಜೋ-1 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಗಾಯ ಇನ್ನೂ ಬೇಗ ಮುಚ್ಚಿತು. ಎಂದರೆ ಆ ಕಿಂಡಿ ಗಾಯ ಮಾಯುವುದನ್ನು ನಿಧಾನ ಮಾಡುತ್ತಿತ್ತು. ನಿಮ್ಮ ಜಾಣ ಕೋಶ, ನಿಮ್ಮ ಕರುಣಾಳು ಸಂವೇದಕ ಇದಕ್ಕೆ ಏನು ಹೇಳುತ್ತವೆ? ಕೋಶಕ್ಕೆ ಒಮ್ಮೆ ಸದ್ಬುದ್ಧಿ ಕೊಟ್ಟ ಮೇಲೆ ಇಂಥ ಫಲಿತಾಂಶವನ್ನು ಎಲ್ಲಿಡುವುದೆಂದು ತೋಚದೆ ಕೈಬಿಟ್ಟಿರಿ ಎಂದು ನನ್ನ ಅನುಮಾನ.

ಮುಂದಿನ ಪ್ಯಾರಾದಲ್ಲಿ ವಿರಾರ್ ಲೋಕಲ್ ಬರುತ್ತದೆ. “ಹಿಂದಿನಿಂದ ನೂಕಿದ ಜನ ಬಾಗಿಲ ಬಳಿಯವರನ್ನು ದಾದರಿನಲ್ಲಿ ಹೊರಗೆ ತಳ್ಳುವಂತೆ, ಹೊಸದಾಗಿ ಹುಟ್ಟಿದ ಕೋಶಗಳು ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ.” ಹೋಲಿಕೆ ಚೆನ್ನಾಗಿದೆ, ಓದುಗರು ನಗುತ್ತಾರೆ. ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡಿದ್ದು ಇಷ್ಟು ಸರಳವಲ್ಲ: ಇಕ್ಕಟ್ಟಾದಾಗ ಕೆಲವು ಕೋಶಗಳ ಆಕಾರ ಬದಲಾಗುತ್ತದೆ, ಅವುಗಳ ಮೈಬಿಗಿತ ಸಡಿಲವಾಗುತ್ತದೆ, ಅಕ್ಕಪಕ್ಕದವುಗಳ ಜೊತೆಗಿನ ಅಂಟು ಹೆಚ್ಚುತ್ತದೆ, ಆಮೇಲೆ ಅವು ತಳ ಬಿಟ್ಟು ಏಳುತ್ತವೆ. ಬಲಿಯುವುದು ಮೊದಲು, ಏಳುವುದು ನಂತರ. ಇನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ವ್ಯಾಲೆಂಟಿನಾ ಗ್ರೆಕೊ ಅವರ ತಂಡ ಬದುಕಿರುವ ಇಲಿಯ ಚರ್ಮವನ್ನು ದಿನಗಟ್ಟಲೆ ಸೂಕ್ಷ್ಮದರ್ಶಕದಡಿ ನೋಡಿ 2018ರಲ್ಲಿ ಹೇಳಿದ್ದು ನಿಮ್ಮ ರೈಲಿಗೆ ಪೂರ್ತಿ ತಿರುಗುಮುರುಗು: ಮೊದಲು ಒಂದು ಕೋಶ ಜಾಗ ಖಾಲಿ ಮಾಡುತ್ತದೆ, ಆಮೇಲೆ ನೆರೆಯ ಕೋಶ ವಿಭಜಿಸುತ್ತದೆ. ಯಾರು ಯಾರನ್ನು ನೂಕಿದರು ಎಂಬುದೇ ಇಲ್ಲಿನ ಕುತೂಹಲ. ಅದನ್ನು ಒಂದು ನಗೆಯಲ್ಲಿ ತೀರ್ಮಾನಿಸಿಬಿಟ್ಟಿರಿ.

ಇಷ್ಟೇಕೆ ಕೆದಕುತ್ತೇನೆ ಎಂದರೆ, ನಾನು ಕೆಲಸ ಕಲಿತ ಜಾಗ ಅಂಥದ್ದು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಒಂದು ಕನ್ನಡ ವಾರಪತ್ರಿಕೆಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಹುಡುಗನಾಗಿ ಸೇರಿದೆ. ಅಲ್ಲಿನ ಹಿರಿಯ ಸಂಪಾದಕರು ಕುಂದಾಪುರದ ಕಡೆಯವರು. ಪ್ರತಿಯನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತ, ಕೆಲಸ ನಡೆದು ಮಾಡಿದವರು ಕಾಣಿಸದ ವಾಕ್ಯ ಬಂದರೆ ಮೇಜಿನ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದರು. ಒಮ್ಮೆ ಬಂದರಿನ ಧಕ್ಕೆಯಲ್ಲಿ ನಮ್ಮ ಊರ ಕಡೆಯ ಕೂಲಿಯೊಬ್ಬನ ಕೈ ಜಜ್ಜಿಹೋಯಿತು. ವರದಿಗಾರರು “ಕ್ರೂರ ವಿಧಿ ಅವನ ಬಲಗೈಯನ್ನು ಕಸಿದುಕೊಂಡಿತು” ಎಂದು ಬರೆದಿದ್ದರು. ಬೆರಳು ಕುಟ್ಟಿತು. “ವಿಧಿಗೆ ಕ್ರೇನ್ ನಡೆಸಲು ಬರುತ್ತದೆಯೋ? ಮಾಣಿ, ನೀನು ಹೋಗಿ ನೋಡಿಕೊಂಡು ಬಾ.” ಹೋದೆ. ಸರಕು ಎತ್ತುವ ಹಗ್ಗ ಕೊಕ್ಕೆಯ ಹತ್ತಿರ ಸವೆದು, ಮೂರು ಹುರಿಗಳಲ್ಲಿ ಒಂದು ಕಿತ್ತುಹೋಗಿತ್ತು. ಅದನ್ನು ಎಣ್ಣೆಬಟ್ಟೆ ಸುತ್ತಿ ಮರೆಮಾಚಿದ್ದರು. ಮರುದಿನದ ಪ್ರತಿಯಲ್ಲಿ ವಿಧಿ ಇರಲಿಲ್ಲ, ಎಣ್ಣೆಬಟ್ಟೆ ಇತ್ತು. ಆ ವರದಿ ಓದಿ ಕೂಲಿಗಳ ಸಂಘದವರು ಕಚೇರಿಗೆ ಬಂದರು. ಹಿರಿಯರು ಅವರಿಗೆ ಚಹಾ ತರಿಸಿದರು, ನನಗೆ ಒಂದು ಮಾತೂ ಹೇಳಲಿಲ್ಲ. ಅವರು ಹೊಗಳಿದ್ದನ್ನು ಯಾರೂ ಕೇಳಿದವರಿಲ್ಲ, ಅದು ಬೇರೆ ವಿಷಯ.

ನಿಮ್ಮ ಕೋಶದ ‘ನಿರ್ಧಾರ’ವೂ ಆ ವಿಧಿಯ ತಂಗಿಯೇ. ಹಗ್ಗ ತೋರಿಸಿ.

ತೋರಿಸಲು ಬಹಳ ಚೆಂದದ ಹಗ್ಗಗಳಿವೆ. 1988ರಲ್ಲಿ ಫಿಯೋನಾ ವಾಟ್ ಮತ್ತು ಸಂಗಡಿಗರು ಮನುಷ್ಯನ ಹೊರಚರ್ಮದ ಕೋಶಗಳನ್ನು ಪುಟ್ಟ ಪುಟ್ಟ ಅಂಟುದ್ವೀಪಗಳ ಮೇಲೆ ಕೂರಿಸಿದರು. ದೊಡ್ಡ ದ್ವೀಪದ ಮೇಲೆ ಕೋಶ ಕೈಕಾಲು ಚಾಚಿ ಹರಡಿಕೊಂಡಿತು. ಸಣ್ಣ ದ್ವೀಪದ ಮೇಲೆ ಹರಡಲು ಜಾಗವಿಲ್ಲದೆ ಉಂಡೆಯಾಗಿ ಕುಳಿತಿತು, ಉಂಡೆಯಾದದ್ದು ಬಲಿಯಲು ತೊಡಗಿತು. ಸುತ್ತಲಿನ ಪೋಷಕ ದ್ರವ ಎರಡಕ್ಕೂ ಒಂದೇ. ಬರೀ ಕೂರುವ ಜಾಗದ ಅಳತೆ ಕೋಶದ ಮುಂದಿನ ಬಾಳನ್ನು ಬದಲಿಸಿತು! ನೀವು ಇದಕ್ಕೆ ಅರ್ಧ ಸಾಲನ್ನೂ ಕೊಟ್ಟಿಲ್ಲ.

ಇನ್ನು ಕೊನೆಯ ಪ್ಯಾರಾ. “ಮಗುವಿಗೆ ಎಣ್ಣೆ ಹಚ್ಚಿ ಮೈ ತಿಕ್ಕಿ ಮೀಯಿಸುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಈ ವಿಜ್ಞಾನ ಎಂದೋ ಗೊತ್ತಿತ್ತು.” ಇದನ್ನು ಓದಿ ಪುಟ ಮಡಚಿಟ್ಟೆ. ತಿಂಗಳಿಗೆ ನಾಲ್ಕಾದರೂ ಲೇಖನಗಳು ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು ಮುಗಿಯುತ್ತವೆ. ಅಜ್ಜಿ ಎಣ್ಣೆ ತಿಕ್ಕಿದ್ದು ಮಗು ಹಾಯಾಗಿ ನಿದ್ದೆ ಮಾಡಲಿ ಎಂದು. ಅವಳಿಗೆ ಅಷ್ಟು ಕೀರ್ತಿ ಸಾಲದೇ? ನಿಮ್ಮ ಚೀಲ ಚರ್ಮವನ್ನು ವಾರಗಟ್ಟಲೆ ಬಿಡದೆ ಎಳೆದು ಹಿಡಿಯುತ್ತದೆ, ತಿಕ್ಕುವ ಕೈ ಸ್ವಲ್ಪ ಹೊತ್ತಿನಲ್ಲೇ ಮೇಲೇಳುತ್ತದೆ. ಎಷ್ಟು ಬಲ, ಯಾವ ದಿಕ್ಕು, ಎಷ್ಟು ಕಾಲ ಎಂಬುದರ ಮೇಲೆಯೇ ನಿಮ್ಮ ಇಡೀ ವಿಷಯ ನಿಂತಿದೆ.

ಇದು ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ ಎಂಬುದೇ ನನ್ನ ತಕರಾರು. ಸದಾ ಎಳೆತವಿರುವ ಎದೆ, ಭುಜಗಳ ಮೇಲಿನ ಗಾಯದ ಕಲೆ ಹೇಗೆ ದಪ್ಪಗೆ ಉಬ್ಬುತ್ತದೆಂದು ನೀವು ದಿನವೂ ನೋಡುತ್ತೀರಿ. ಕಾರ್ಲ್ ಲ್ಯಾಂಗರ್ 1861ರಲ್ಲೇ ಚರ್ಮದ ಸಹಜ ಎಳೆತದ ಗೆರೆಗಳನ್ನು ಬರೆದಿಟ್ಟರು. ಇಂಥ ಗೆರೆಗಳಿಗೆ ಅಡ್ಡಲಾಗಿ ಕೊಯ್ದರೆ ಗಾಯ ಬಾಯಿ ಬಿಡುತ್ತದೆಂದು ಶಸ್ತ್ರವೈದ್ಯರು ಇಂದಿಗೂ ಎಚ್ಚರ ವಹಿಸುತ್ತಾರೆ. ಹಾಸಿಗೆ ಹಿಡಿದ ರೋಗಿಯ ಬೆನ್ನಿನಲ್ಲಿ ಬಿಡದ ಒತ್ತಡದಿಂದ ರಕ್ತ ಹರಿಯದೆ ಹುಣ್ಣಾಗುವುದನ್ನು ತಡೆಯಲೆಂದೇ ನೀವು ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತೀರಿ. ಒಂದು ಕಡೆ ಹೊಸ ಚರ್ಮ, ಇನ್ನೊಂದು ಕಡೆ ಉಬ್ಬಿದ ಕಲೆ, ಮತ್ತೊಂದು ಕಡೆ ಹುಣ್ಣು. ಮೂರೂ ನಿಮ್ಮ ಒಂದೇ ವಾರ್ಡಿನಲ್ಲಿವೆ, ಲೇಖನದಲ್ಲಿ ಒಂದೇ ಇದೆ.

ಉಳಿದ ಪುಟಗಳ ಬಗ್ಗೆ ಹೇಳುವುದಿಲ್ಲ. ಸೌಂದರ್ಯವರ್ಧಕಗಳ ಭಾಗವನ್ನು ಹೊಡೆದು ಹಾಕಿ. ಶೀರ್ಷಿಕೆಯಲ್ಲಿನ ‘ಜಾಣ’ವೂ ಹೋಗಲಿ. ನೆತ್ತಿಯ ಹುಡುಗಿಯಿಂದಲೇ ಆರಂಭಿಸಿ, ಸೂಜಿ ಚುಚ್ಚಿದ ಕ್ಷಣದಿಂದ ಚರ್ಮದ ಒಳಗೆ ಇಳಿಯುತ್ತ ಹೋಗಿ. ಒಮ್ಮೆಗೆ ಎಷ್ಟು ಉಪ್ಪುನೀರು ತುಂಬುತ್ತೀರಿ, ಹುಡುಗಿ ಆಗ ಏನನ್ನುತ್ತಾಳೆ, ಬಣ್ಣ ಮರಳದಿದ್ದರೆ ಏನು ಮಾಡುತ್ತೀರಿ, ಇವನ್ನೂ ಬರೆಯಿರಿ. ಅವಳ ಗುರುತು ಹತ್ತುವಂಥ ವಿವರ ಮಾತ್ರ ಬೇಡ. ದೀಪಾವಳಿ ವಿಶೇಷಾಂಕದ ಪುಟಗಳನ್ನು ಮುಂದಿನ ತಿಂಗಳ ಹತ್ತನೆಯ ತಾರೀಕಿಗೆ ಕಟ್ಟಲು ಶುರು ಮಾಡುತ್ತೇವೆ. ನಾಲ್ಕು ಪುಟ ತೆಗೆದಿಟ್ಟಿರುತ್ತೇನೆ. ಅಂಚೆಯನ್ನು ನಂಬಬೇಡಿ. ಪರೇಲಿನಿಂದ ಮಾಟುಂಗಾ ಎಷ್ಟು ದೂರ, ಪಾಳಿ ಮುಗಿಸಿ ಕಚೇರಿಗೇ ತಂದುಕೊಡಿ. ಸಂಜೆ ಏಳರವರೆಗೆ ಇಲ್ಲೇ ಇರುತ್ತೇನೆ.

ಇಂತು ನಿಮ್ಮವ,
ಸಂಪಾದಕ