ಪವರ್ ಸ್ಟೇರಿಂಗ್ ಕೆಟ್ಟ ಕಾರು ಮಾರುತಿ 800 ಆಗುವುದಿಲ್ಲ

ಕಾರು ಬೇರೆ, ಊರು ಬೇರೆ, ಆದರೆ ಪತ್ರದ ಕೊನೆಯ ಸಾಲು ಮಾತ್ರ ಪ್ರತಿ ಸಲವೂ ಒಂದೇ: “ಹಾಗೆಯೇ ಓಡಿಸಿದರೆ ಏನಾಗುತ್ತದೆ?” ಬೇಸತ್ತು ಈ ಸಲ ಅಂಕಣದ ಬಹುಪಾಲು ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ. ಉಳಿದವರು ಮುನಿಸಿಕೊಳ್ಳಬಾರದು.

ಪ್ರಶ್ನೆ: ನನ್ನದು 2007ರ ಡೀಸೆಲ್ ಕಾರು. ಪವರ್ ಸ್ಟೇರಿಂಗ್ ಆಯಿಲ್ ಸೋರಿ ಸೋರಿ ಈಗ ಸ್ಟೇರಿಂಗ್ ಪೂರ್ತಿ ಬಿಗಿಯಾಗಿದೆ. ಗ್ಯಾರೇಜಿನವರು 18 ಸಾವಿರ ಕೇಳುತ್ತಿದ್ದಾರೆ. ಕಾರನ್ನು ಮಾರಿದರೆ 70 ಸಾವಿರ ಸಿಕ್ಕರೆ ಹೆಚ್ಚು. ಇಪ್ಪತ್ತು ವರ್ಷ ಮಾರುತಿ 800 ಓಡಿಸಿದವನು ನಾನು, ತೋಳಿನಲ್ಲಿ ಇನ್ನೂ ಬಲವಿದೆ. ಹಾಗೆಯೇ ಓಡಿಸಿದರೆ ಏನಾಗುತ್ತದೆ? (ಹಾಸನದ ಓದುಗರು)

ಉತ್ತರ: ನಿಮ್ಮ ತೋಳಿನ ಬಗ್ಗೆ ನನ್ನ ತಕರಾರಿಲ್ಲ, ಹೋಲಿಕೆಯ ಬಗ್ಗೆ ಇದೆ. ಪವರ್ ಸ್ಟೇರಿಂಗ್ ಇಲ್ಲದ ಮಾರುತಿ 800ರ ತೂಕ ಸುಮಾರು 650 ಕಿಲೋ, ಚಕ್ರ 12 ಇಂಚಿನದು. ನಿಮ್ಮ ಕಾರು ಸಾವಿರ ಕಿಲೋದ ಆಸುಪಾಸಿನಲ್ಲಿದೆ, ಸಾಲದ್ದಕ್ಕೆ ಡೀಸೆಲ್ ಎಂಜಿನ್ನು ಮುಂದಿನ ಚಕ್ರಗಳ ಮೇಲೆ ಕುಳಿತಿದೆ. ಪವರ್ ಸ್ಟೇರಿಂಗ್ ಇಲ್ಲದ ಕಾರನ್ನು ಮಾಡುವಾಗಲೇ ಸ್ಟೇರಿಂಗನ್ನು ಹೆಚ್ಚು ಸುತ್ತು ತಿರುಗಿಸುವಂತೆ ಮಾಡಿರುತ್ತಾರೆ. ಸುತ್ತು ಹೆಚ್ಚಾದಷ್ಟೂ ಕೈಗೆ ಹಗುರ. ಪವರ್ ಸ್ಟೇರಿಂಗ್ ಇರುವ ಕಾರಿನಲ್ಲಿ ಸುತ್ತು ಕಡಿಮೆ, ಏಕೆಂದರೆ ಭಾರ ಹೊರುವುದು ಆಯಿಲನ್ನು ಒತ್ತಡದಲ್ಲಿ ನೂಕುವ ಪಂಪು. ಆ ಪಂಪು ಸತ್ತಾಗ ಅಷ್ಟೂ ಭಾರ ನಿಮ್ಮ ಕೈಗೆ ಬರುವುದಲ್ಲದೆ, ಮುಂದಿನ ಚಕ್ರಗಳನ್ನು ಅತ್ತಿತ್ತ ತಿರುಗಿಸುವ ರ‍್ಯಾಕಿನೊಳಗೆ ಉಳಿದ ಆಯಿಲನ್ನೂ ನೀವೇ ನೂಕಬೇಕು. ಚಕ್ರಕ್ಕೂ ಸ್ಟೇರಿಂಗಿಗೂ ನಡುವಿನ ಕಬ್ಬಿಣದ ಕೊಂಡಿ ಹಾಗೆಯೇ ಇರುತ್ತದೆ, ಕಾರು ತಿರುಗುತ್ತದೆ ಎನ್ನುವುದು ನಿಜ. ಆದರೆ ನಡುವೆ ಚೂರು ಸಡಿಲ, ಆಮೇಲೆ ಒಮ್ಮೆಲೇ ಗಟ್ಟಿ.

“ಹೆದ್ದಾರಿಯಲ್ಲಿ ಏನೂ ಗೊತ್ತಾಗುವುದಿಲ್ಲ ಸಾರ್” ಎಂದು ಎಲ್ಲರೂ ಹೇಳುತ್ತಾರೆ. ಗೊತ್ತಾಗುವುದಿಲ್ಲ, ಒಪ್ಪಿದೆ. ವೇಗದಲ್ಲಿ ಸ್ಟೇರಿಂಗ್ ಹಗುರವೇ. ಗೊತ್ತಾಗುವುದು ಸಂತೆ ಬೀದಿಯಲ್ಲಿ, 20ರ ವೇಗದಲ್ಲಿ, ಸ್ಕೂಟರೊಂದು ಅಡ್ಡ ಬಂದಾಗ. ಆಗ ಬೇಕಾಗುವುದು ಬಲವಲ್ಲ, ಚುರುಕು.

ಜನ ಕೇಳದೇ ಬಿಡುವ ಸಂಗತಿ ಇನ್ನೊಂದಿದೆ. ಆ ಆಯಿಲ್ ಇರುವುದು ಒತ್ತಡ ಕೊಡುವುದಕ್ಕೆ ಮಾತ್ರವಲ್ಲ, ಪಂಪು ಸವೆಯದಂತೆ ಕಾಯುವುದಕ್ಕೂ ಅದೇ ಬೇಕು. ಆಯಿಲ್ ಇಲ್ಲದ ಪಂಪನ್ನು ಎಂಜಿನ್ನಿನ ಬೆಲ್ಟ್ ತಿರುಗಿಸುತ್ತಲೇ ಇರುತ್ತದೆ. ಮೊದಲು ‘ಕುಂಯ್’ ಎಂಬ ಸದ್ದು, ಆಮೇಲೆ ಲೋಹದ ಪುಡಿ, ಆ ಪುಡಿ ಹೋಗಿ ಸೇರುವುದು ರ‍್ಯಾಕಿಗೆ. ಆಯಿಲ್ ಹರಿಯುವ ಒಂದು ಹೋಸ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಪಂಪು ಮತ್ತು ರ‍್ಯಾಕ್ ಎರಡನ್ನೂ ನುಂಗುತ್ತದೆ. ಪಂಪು ಜಾಮ್ ಆದರೆ ಬೆಲ್ಟ್ ಸುಡುತ್ತದೆ, ಇಲ್ಲವೇ ಹರಿಯುತ್ತದೆ. ಅದೇ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಎಂಜಿನ್ ತಣಿಸುವ ವಾಟರ್ ಪಂಪನ್ನೂ ತಿರುಗಿಸುವ ಕಾರಾದರೆ ದಾರಿಯ ಮಧ್ಯದಲ್ಲಿ ಎಂಜಿನ್ನೇ ಕಾದು ನಿಲ್ಲುತ್ತದೆ. ಸೋರಿದ ಆಯಿಲ್ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿಯ ಭಯ ಬೇರೆ. 18 ಸಾವಿರ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೀರಿ. ಅದನ್ನು ದಿನವೂ ಬೆಳೆಸುತ್ತಿದ್ದೀರಿ.

ಇನ್ನು ನಾಟಿ ವೈದ್ಯರು. ಪವರ್ ಸ್ಟೇರಿಂಗ್ ಆಯಿಲಿನ ಡಬ್ಬಿಗೆ ಬ್ರೇಕ್ ಆಯಿಲ್ ಸುರಿಯುವವರಿದ್ದಾರೆ. ಅದು ಒಳಗಿನ ಸೀಲುಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ಸೋರಿಕೆ ನಿಲ್ಲಿಸುವ ‘ಔಷಧ’ ಹರಿದ ಹೋಸನ್ನು ಹೊಲಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಒಂದು ಕಾರು ನನ್ನ ಗ್ಯಾರೇಜಿಗೆ ಬಂದಿತ್ತು. ದಾರಿಬದಿಯ ಮೆಕ್ಯಾನಿಕ್ ಬೆಲ್ಟನ್ನು ಕತ್ತರಿಸಿ ಎಸೆದು, ರ‍್ಯಾಕಿನ ಎರಡೂ ಬಾಯಿಗೆ ಬೋಲ್ಟು ಜಡಿದಿದ್ದ. ಆಯಿಲಿಗೆ ಹೋಗಲು ದಾರಿಯೇ ಇಲ್ಲ. ಆ ಸ್ಟೇರಿಂಗನ್ನು ತಿರುಗಿಸಲು ನಾನೂ ನನ್ನ ಹುಡುಗನೂ ಸೇರಬೇಕಾಯಿತು. ಮಾಲೀಕರು ಅದರಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದರು.

ಹಣ ಕೊಡುವ ಮೊದಲು ಎರಡು ಕೆಲಸ ಮಾಡಿ. ಮುಂದಿನ ಎರಡೂ ಚಕ್ರಗಳನ್ನು ಎತ್ತಿಸಿ, ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇರುವಾಗ ಸ್ಟೇರಿಂಗ್ ತಿರುಗಿಸಿ. ನೆಲದ ಹಿಡಿತವಿಲ್ಲದಾಗಲೂ ಕಲ್ಲಿನಂತಿದ್ದರೆ ಪಂಪಿನ ಜೊತೆಗೆ ಬೇರೆ ಕಾಯಿಲೆಯೂ ಇದೆ: ಸ್ಟೇರಿಂಗ್ ಜಾಯಿಂಟೋ ಸಸ್ಪೆನ್ಷನ್ನಿನ ಮೇಲಿನ ಬೇರಿಂಗೋ ಹಿಡಿದುಕೊಂಡಿರಬಹುದು. ಎರಡನೆಯದು, ಸೋರುತ್ತಿರುವುದು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿ. ತೋರಿಸದೆ 18 ಸಾವಿರ ಎನ್ನುವವನ ಬಳಿ ಕಾರು ಬಿಡಬೇಡಿ. ಪಂಪು ಶಿವಾಜಿನಗರದ ಗುಜರಿಯಿಂದ ಬಂದರೂ ನನ್ನ ಅಭ್ಯಂತರವಿಲ್ಲ, ಪರೀಕ್ಷಿಸಿ ಹಾಕಿದರೆ ಸಾಕು. ರ‍್ಯಾಕನ್ನು ಮಾತ್ರ ನಾನು ಗುಜರಿಯಿಂದ ತಂದು ಹಾಕುವುದಿಲ್ಲ. ಹಾಕುವವರಿದ್ದಾರೆ, ಅವರ ಗ್ರಾಹಕರು ಚೆನ್ನಾಗಿಯೇ ಇದ್ದಾರೆ. ನನಗೆ ನಿದ್ದೆ ಬರುವುದಿಲ್ಲ, ಅಷ್ಟೆ.

ಇಷ್ಟಾದರೂ ಖರ್ಚು ಬೇಡವೆಂದರೆ ಮಾರಿಬಿಡಿ. ಕೊಳ್ಳುವವರಿಗೆ ದೋಷ ಹೇಳಿ ಮಾರಿ.

ಪ್ರಶ್ನೆ: ನನ್ನ ಕಾರಿನದು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಒಮ್ಮೆ ಹಗುರ, ಒಮ್ಮೆ ಭಾರ. ಅಭ್ಯಾಸವಾಗಿಬಿಟ್ಟಿದೆ.

ಉತ್ತರ: ಅಭ್ಯಾಸ ಮಾಡಿಕೊಳ್ಳಬಾರದ್ದು ಇದೇ. ಪೂರ್ತಿ ಸತ್ತಿದ್ದಕ್ಕಿಂತ ಇದು ಕೆಟ್ಟದ್ದು: ತಿರುವಿನ ನಡುವೆ ಬಲ ಹಾಕಿ ಎಳೆಯುತ್ತಿರುವಾಗ ಸ್ಟೇರಿಂಗಿಗೆ ನೆರವಾಗುವ ಮೋಟಾರಿಗೆ ಜೀವ ಬಂದರೆ ಕಾರು ಪಕ್ಕದ ಸಾಲಿಗೆ ನುಗ್ಗುತ್ತದೆ. ಬ್ಯಾಟರಿ ಟರ್ಮಿನಲ್, ಆಲ್ಟರ್ನೇಟರ್, ಫ್ಯೂಸ್, ಕನೆಕ್ಟರ್ ನೋಡಿಸಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಇರುವಲ್ಲಿಗೆ ಹೋಗಿ.

ಪ್ರಶ್ನೆ: ಟೈರಿಗೆ 45 ಗಾಳಿ ಹಾಕಿಸಿದರೆ ಸ್ಟೇರಿಂಗ್ ಹಗುರವಾಗುತ್ತದಂತೆ?

ಉತ್ತರ: ಆಗುತ್ತದೆ. ಮಳೆಯಲ್ಲಿ ರಸ್ತೆಯ ಹಿಡಿತವೂ ಹಗುರವಾಗುತ್ತದೆ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿದರೆ ಪೆಟ್ರೋಲ್ ಉಳಿಯುವುದಿಲ್ಲವೇ?

ಉತ್ತರ: 14 ತಿರುವುಗಳಿಗೆ ಪವರ್ ಸ್ಟೇರಿಂಗ್ ಇರುವುದಿಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕಿನ ಸಹಾಯವೂ ಇರುವುದಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ತಾನಾಗಿಯೇ ನಿಲ್ಲುತ್ತದೆ. ಈ ಸಲಹೆ ಕೊಟ್ಟವರನ್ನು ಮುಂದಿನ ಸಲ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ಪವರ್ ಸ್ಟೇರಿಂಗಿಗೆ ಯಾವ ಆಯಿಲ್ ಹಾಕಬೇಕು?

ಉತ್ತರ: ಕಾರಿನಲ್ಲಿರುವ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿದೆ. ಅಳಿಸಿಹೋಗಿದ್ದರೆ ಕಾರಿನ ಪುಸ್ತಕದಲ್ಲಿದೆ.