ಓದುಗರ ಪ್ರಶ್ನೆ – ವಾಹನ ವಿಚಾರ: ಮನೆಯಂಗಳದಲ್ಲಿ ಪಿಕಪ್ ಕೂಲಂಟ್ ಬದಲಾವಣೆ

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ. ಅಡಿಕೆ, ತೆಂಗು, ಗೊಬ್ಬರ ಸಾಗಿಸುವುದಕ್ಕೆ ಹಳೆಯ ಡೀಸೆಲ್ ಪಿಕಪ್ ಒಂದನ್ನು ಇಟ್ಟುಕೊಂಡಿದ್ದೇವೆ. ಇತ್ತೀಚೆಗೆ ಕುಮಟೆಯಿಂದ ಲೋಡು ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಹೀಟ್ ಮುಳ್ಳು ಮೇಲೇರುತ್ತಿದೆ. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಒಳಗಿನ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದೆ. ಕೂಲಂಟನ್ನು ಮನೆಯಲ್ಲಿಯೇ ಬದಲಿಸಬಹುದೇ? ನಮ್ಮ ಅಬ್ಬಿ ನೀರನ್ನು ವರ್ಷವಿಡೀ ಕುಡಿಯುತ್ತೇವೆ, ಅದನ್ನೇ ಬೆರೆಸಿದರೆ ಸಾಲದೇ? ಹಸಿರು, ಕೆಂಪು, ನೀಲಿ ಎಂದು ಅಂಗಡಿಯವರು ತೋರಿಸುವ ಕೂಲಂಟುಗಳಲ್ಲಿ ಯಾವುದನ್ನು ಕೊಳ್ಳಬೇಕು?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ಮನೆಯಲ್ಲಿಯೇ ಬದಲಿಸಬಹುದು, ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾರಿಗೂ ಇದು ಕಷ್ಟದ ಕೆಲಸವಲ್ಲ. ಆದರೆ ಅದಕ್ಕೂ ಮೊದಲು ಒಂದು ಸಂಗತಿಯನ್ನು ಪರೀಕ್ಷಿಸಿಕೊಳ್ಳಿ. ಘಟ್ಟದಲ್ಲಿ ಮಾತ್ರ ಹೀಟ್ ಆಗುವ ಪಿಕಪ್‌ಗಳಲ್ಲಿ ಹಲವು ಸಲ ದೋಷ ಇರುವುದು ಕೂಲಂಟಿನಲ್ಲಿ ಅಲ್ಲ, ರೇಡಿಯೇಟರಿನ ಹೊರಮೈಯಲ್ಲಿ. ತೋಟದ ರಸ್ತೆಯ ಕೆಸರು, ಹುಲ್ಲಿನ ಎಸಳು, ಕೀಟಗಳು ಅದರ ತೆಳುವಾದ ಜಾಲರಿಯಲ್ಲಿ ಸಿಕ್ಕಿಕೊಂಡರೆ ಗಾಳಿ ಹಾಯುವುದಿಲ್ಲ. ಎರಡನೆಯ ಗೇರಿನಲ್ಲಿ ನಿಧಾನವಾಗಿ ಏರುವಾಗ ಎದುರುಗಾಳಿಯ ನೆರವೂ ಇರುವುದಿಲ್ಲವಾದ್ದರಿಂದ ಪೂರ್ತಿ ಭಾರ ಫ್ಯಾನಿನ ಮೇಲೆ ಬೀಳುತ್ತದೆ. ಎಂಜಿನ್ ಬದಿಯಿಂದ ಹೊರಕ್ಕೆ ಸಣ್ಣ ಒತ್ತಡದ ನೀರು ಹಾಯಿಸಿ ಜಾಲರಿಯನ್ನು ತೊಳೆಯಿರಿ, ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ನೋಡಿ.

ಇನ್ನು ಕೆಮ್ಮಣ್ಣಿನ ಬಣ್ಣ. ಅದು ತುಕ್ಕು. ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಮತ್ತು ನೀರಿನ ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳೂ ಇರುತ್ತವೆ. ಅವು ಕಾಲಕ್ರಮದಲ್ಲಿ ಖರ್ಚಾಗುತ್ತವೆ, ಅಥವಾ ಕಡಿಮೆಯಾದಾಗಲೆಲ್ಲ ಬರೀ ನೀರು ಸುರಿಯುತ್ತ ಬಂದರೆ ತೆಳುವಾಗಿ ನಿಷ್ಪ್ರಯೋಜಕವಾಗುತ್ತವೆ. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ’ ಎಂಬ ಮಾತು ಘಟ್ಟದ ಮೇಲೂ ಕೆಳಗೂ ಕೇಳಿಬರುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಗುಣ ನಮಗೆ ಬೇಕಾಗಿಲ್ಲ, ನಿಜ. ನಮಗೆ ಬೇಕಾದದ್ದು ತುಕ್ಕಿನಿಂದ ರಕ್ಷಣೆ ಮತ್ತು ಕುದಿಯುವ ಬಿಂದುವಿನ ಏರಿಕೆ. 0.9 ಬಾರ್ ಒತ್ತಡದ ಮುಚ್ಚಳವಿರುವ ರೇಡಿಯೇಟರಿನಲ್ಲಿ ಬರೀ ನೀರು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅರ್ಧಕ್ಕರ್ಧ ಗ್ಲೈಕಾಲ್ ಬೆರೆತರೆ ಅದಕ್ಕಿಂತ ಎಂಟು-ಹತ್ತು ಡಿಗ್ರಿ ಹೆಚ್ಚು ತಡೆಯುತ್ತದೆ. ದೇವಿಮನೆಯ ತಿರುವುಗಳಲ್ಲಿ ಲೋಡು ಹೊತ್ತ ಗಾಡಿಗೆ ಆ ಅಂತರ ಸಣ್ಣದಲ್ಲ. ಬರೀ ನೀರಿನಿಂದ ಉಳಿಯುವ ಹಣ ಮುಂದೆ ವಾಟರ್ ಪಂಪಿಗೋ ಎಂಜಿನ್ನಿನ ಬ್ಲಾಕಿಗೂ ಅದರ ಮೇಲ್ಭಾಗವಾದ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟಿಗೋ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಬ್ಬಿ ನೀರಿನ ಬಗ್ಗೆ ಕೇಳಿದ್ದೀರಿ. ಕುಡಿಯಲು ಒಳ್ಳೆಯ ನೀರು ಎಂಜಿನಿಗೂ ಒಳ್ಳೆಯದು ಎನ್ನುವಂತಿಲ್ಲ. ಬಂಡೆ ಮತ್ತು ಮಣ್ಣಿನ ಮೂಲಕ ಬಂದ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಬಿಸಿಯಾದಾಗ ಅವು ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಕಿಟ್ಟದ ಹಾಗೆ ರೇಡಿಯೇಟರಿನ ಸಪೂರ ಕೊಳವೆಗಳಲ್ಲಿಯೂ ಕಟ್ಟಿಕೊಳ್ಳುತ್ತವೆ. ಕರಾವಳಿಯ ಓದುಗರು ಇನ್ನೂ ಎಚ್ಚರದಿಂದ ಇರಬೇಕು. ಕಾಳಿ, ಅಘನಾಶಿನಿ, ಶರಾವತಿಗಳ ಅಳಿವೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಸೇರುತ್ತದೆ. ಅದರ ಕ್ಲೋರೈಡ್ ಅಲ್ಯೂಮಿನಿಯಂ ರೇಡಿಯೇಟರನ್ನು ತೂತು ಬೀಳುವ ಹಾಗೆ ತಿನ್ನುತ್ತದೆ. ಸೂರಿನಿಂದ ಹಿಡಿದ ಮಳೆನೀರು ಮೃದುವಾಗಿದ್ದರೂ ಹೆಂಚಿನ ಪಾಚಿ, ಧೂಳುಗಳನ್ನು ಹೊತ್ತು ತರುವುದರಿಂದ ಅದೂ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ತೊಳೆಯುವುದಕ್ಕೆ ಮಾತ್ರ ನಿಮ್ಮ ಅಬ್ಬಿ ನೀರು ಧಾರಾಳವಾಗಿ ಸಾಕು.

ಬಣ್ಣವನ್ನು ನಂಬಬೇಡಿ. ಅದು ತಯಾರಕರು ಸೇರಿಸುವ ಬಣ್ಣವಷ್ಟೇ. ಒಂದು ಕಂಪನಿಯ ಹಸಿರಿಗೂ ಇನ್ನೊಂದರ ಹಸಿರಿಗೂ ಒಳಗಿನ ರಾಸಾಯನಿಕ ಬೇರೆಯಾಗಿರಬಹುದು. ಹಳೆಯ ಬಗೆಯವುಗಳಲ್ಲಿ ಸಿಲಿಕೇಟ್‌ನಂಥ ಅಜೈವಿಕ ಲವಣಗಳೂ ಹೊಸ ಬಗೆಯವುಗಳಲ್ಲಿ ಸಾವಯವ ಆಮ್ಲಗಳೂ ತುಕ್ಕು ತಡೆಯುವ ಕೆಲಸ ಮಾಡುತ್ತವೆ. ಒಂದಕ್ಕೊಂದು ಹೊಂದದವನ್ನು ಬೆರೆಸಿದರೆ ರಕ್ಷಣೆ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯಂಥ ಗಸಿಯೂ ಕಟ್ಟುತ್ತದೆ. ವಾಹನದ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೊಳ್ಳಿ. ಡಬ್ಬಿಯ ಮೇಲೆ ‘ರೆಡಿ ಟು ಯೂಸ್’ (ಮೊದಲೇ ನೀರು ಬೆರೆಸಿದ್ದು) ಎಂದಿದೆಯೋ ‘ಕಾನ್ಸಂಟ್ರೇಟ್’ (ನಾವೇ ನೀರು ಬೆರೆಸಬೇಕಾದದ್ದು) ಎಂದಿದೆಯೋ ಓದಿ ನೋಡುವುದು ಬಣ್ಣಕ್ಕಿಂತ ಮುಖ್ಯ. ನಿಮ್ಮ ಕೆಲಸಕ್ಕೆ ಕಾನ್ಸಂಟ್ರೇಟ್ ಬೇಕು. ಕಾರಣವನ್ನು ಮುಂದೆ ಹೇಳುತ್ತೇನೆ.

ಹಿಂದಿನ ರಾತ್ರಿಯೇ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬೆಳಿಗ್ಗೆ ಕೆಲಸ ಆರಂಭಿಸಿ. ರೇಡಿಯೇಟರಿನ ಮೇಲಿನ ಹೋಸನ್ನು ಕೈಯಲ್ಲಿ ಹಿಸುಕಿದಾಗ ಅದು ತಣ್ಣಗೆ, ಮೆತ್ತಗೆ ಇರಬೇಕು. ಬಿಗಿಯಾಗಿದ್ದರೆ ಒಳಗೆ ಒತ್ತಡವಿದೆ ಎಂದು ಅರ್ಥ, ಆಗ ಮುಚ್ಚಳ ಮುಟ್ಟಬಾರದು. ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ ಕೂಡಲೇ ಒತ್ತಡ ಇಳಿದು ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಘಟ್ಟದ ಮಧ್ಯೆ ಗಾಡಿ ನಿಂತಾಗ ಈ ಆತುರದಿಂದ ಸುಟ್ಟುಕೊಂಡವರು ಬಹಳ ಮಂದಿ.

ಕೆಳಗೆ ಅಗಲವಾದ ಪಾತ್ರೆ ಇಟ್ಟು ರೇಡಿಯೇಟರಿನ ತಳದ ಡ್ರೇನ್ ಕಾಕನ್ನು ಕೈಯಿಂದಲೇ ಸಡಿಲಿಸಿ. ಅದು ಪ್ಲಾಸ್ಟಿಕ್‌ನದಾಗಿದ್ದರೆ ಇಕ್ಕಳ ಹಾಕಬೇಡಿ, ಹಳೆಯ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ. ಕಾಕ್ ಇಲ್ಲದಿದ್ದರೆ ಕೆಳಗಿನ ಹೋಸಿನ ಕ್ಲಿಪ್ ಸರಿಸಿ ಹೋಸನ್ನೇ ಬಿಡಿಸಬೇಕು. ರಿಸರ್ವ್ ಟ್ಯಾಂಕನ್ನು ಬಿಚ್ಚಿ ತೊಳೆಯಿರಿ, ಅದರ ತಳದಲ್ಲಿಯೇ ಹೆಚ್ಚು ಕೆಸರು ಇರುತ್ತದೆ. ಹೊರಬಂದ ದ್ರವವನ್ನು ಲೀಟರ್ ಲೆಕ್ಕದಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಅದರ ಮೇಲೆ ಎಣ್ಣೆಯ ಪಸೆ ತೇಲುತ್ತಿದ್ದರೆ ಮುಂದುವರಿಯದೆ ಮೆಕ್ಯಾನಿಕ್‌ಗೆ ತೋರಿಸಿ.

ಬಳಿಕ ನೀರು ತುಂಬಿಸಿ, ಹೀಟರ್ ಇದ್ದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಹೋಸ್ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ (ಎಂಜಿನ್ ಕಾದಾಗ ತೆರೆಯುವ ಕವಾಟ) ತೆರೆದು ನೀರು ಎಲ್ಲ ಕಡೆ ಹರಿಯುತ್ತಿದೆ ಎಂದು ತಿಳಿಯಬೇಕು. ನಿಲ್ಲಿಸಿ, ಪೂರ್ತಿ ತಣಿದ ಮೇಲೆ ಬಸಿಯಿರಿ. ಕಾದ ಎಂಜಿನಿಗೆ ತಣ್ಣೀರು ಹೊಯ್ದರೆ ಹೆಡ್ ಸೀಳಬಹುದಾದ್ದರಿಂದ ಪ್ರತಿ ಸಲವೂ ಕಾಯಲೇಬೇಕು, ದಿನ ಹಿಡಿಯುವುದು ಇಲ್ಲಿಯೇ. ತಿಳಿನೀರು ಬರುವವರೆಗೆ ಹೀಗೆಯೇ ಮಾಡಿ, ಕೊನೆಯ ಬಾರಿ ಡಿಸ್ಟಿಲ್ಡ್ ವಾಟರ್ ಬಳಸಿ.

ಈಗ ಕಾನ್ಸಂಟ್ರೇಟ್ ಯಾಕೆ ಎಂಬುದು. ಎಷ್ಟು ಬಸಿದರೂ ಎಂಜಿನ್ ಬ್ಲಾಕಿನ ಒಳಗೆ ಒಂದಷ್ಟು ನೀರು ಉಳಿಯುತ್ತದೆ. ಅದರ ಮೇಲೆ ರೆಡಿ ಟು ಯೂಸ್ ಸುರಿದರೆ ಮಿಶ್ರಣ ತೆಳುವಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಕೊಟ್ಟ ಒಟ್ಟು ಪ್ರಮಾಣದ ಅರ್ಧದಷ್ಟು ಕಾನ್ಸಂಟ್ರೇಟನ್ನು ಮೊದಲು ಹಾಕಿ, ಉಳಿದದ್ದನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿಸಿ. ಒಟ್ಟು ಎಂಟು ಲೀಟರ್ ಹಿಡಿಯುವ ಗಾಡಿಯಾದರೆ ನಾಲ್ಕು ಲೀಟರ್ ಕಾನ್ಸಂಟ್ರೇಟ್ ಮೊದಲು. ಒಳಗೆ ಉಳಿದ ನೀರು ತಾನಾಗಿಯೇ ಉಳಿದ ಅರ್ಧದ ಲೆಕ್ಕಕ್ಕೆ ಸೇರುತ್ತದೆ. ‘ಗಟ್ಟಿ ಇದ್ದಷ್ಟೂ ಒಳ್ಳೆಯದು’ ಎಂದು ಅರ್ಧಕ್ಕಿಂತ ಬಹಳ ಹೆಚ್ಚು ಹಾಕಬಾರದು, ಗ್ಲೈಕಾಲ್ ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರಿಗಿಂತ ಹಿಂದೆ.

ತುಂಬಿಸುವಾಗ ನಿಧಾನ ಬೇಕು. ಸಣ್ಣ ಧಾರೆಯಲ್ಲಿ ಹೊಯ್ಯುತ್ತ ನಡುನಡುವೆ ಹೋಸುಗಳನ್ನು ಹಿಸುಕಿದರೆ ಗುಳುಗುಳು ಎಂದು ಗಾಳಿ ಮೇಲೆ ಬರುತ್ತದೆ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇರುವ ಗಾಡಿಗಳಲ್ಲಿ ಅದನ್ನು ಸಡಿಲಿಸಿ, ಗುಳ್ಳೆ ನಿಂತು ದ್ರವ ಮಾತ್ರ ಬರತೊಡಗಿದಾಗ ಬಿಗಿಯಿರಿ. ರೇಡಿಯೇಟರಿಗೇ ಮುಚ್ಚಳವಿರುವ ಹಳೆಯ ಗಾಡಿಯಾದರೆ ಮುಚ್ಚಳ ಹಾಕದೆ ಎಂಜಿನ್ ಓಡಲು ಬಿಡಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಕುಸಿಯುತ್ತದೆ, ಆಗ ತುಂಬಿಸಿ ಮುಚ್ಚಿ. ಬಸಿದದ್ದಕ್ಕಿಂತ ಒಂದೆರಡು ಲೀಟರ್ ಕಡಿಮೆಯೇ ಹಿಡಿದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಬರೆದಿಟ್ಟ ಲೆಕ್ಕ ಪ್ರಯೋಜನಕ್ಕೆ ಬರುವುದು ಆಗ. ಸೆನ್ಸರಿನ ಸುತ್ತ ಗಾಳಿ ನಿಂತರೆ ಎಂಜಿನ್ ಕಾದಿದ್ದರೂ ಹೀಟ್ ಮುಳ್ಳು ಏಳದೆ ಮೋಸ ಮಾಡುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ, ಊರೊಳಗೆ ಸ್ವಲ್ಪ ಓಡಿಸಿ, ಆಮೇಲೆ ಲೋಡು ಹೇರಿ.

ಕೊನೆಯದಾಗಿ ಹಳೆಯ ಕೂಲಂಟ್. ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಕರು ಯಾವುದು ಬೇಕಾದರೂ ನೆಕ್ಕಬಹುದು. ಅದು ಮೂತ್ರಪಿಂಡವನ್ನು ಕೆಡಿಸಿ ಪ್ರಾಣ ತೆಗೆಯುವ ವಿಷ. ಪಾತ್ರೆಯನ್ನು ಅಂಗಳದಲ್ಲಿ ತೆರೆದಿಡಬೇಡಿ, ಕೊಟ್ಟಿಗೆಯ ಪಾತ್ರೆಯನ್ನು ಇದಕ್ಕೆ ಬಳಸಲೇಬೇಡಿ. ತೋಟದ ಬಸಿಗಾಲುವೆಗೂ ಬಾವಿಯ ಬಳಿಗೂ ಚೆಲ್ಲದೆ, ಮೊದಲ ತೊಳೆತದ ನೀರಿನೊಂದಿಗೆ ಕ್ಯಾನಿನಲ್ಲಿ ತುಂಬಿಸಿ, ಅಂಥ ತ್ಯಾಜ್ಯ ಸ್ವೀಕರಿಸುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ.

ಪ್ರಶ್ನೆ: ಕಾರವಾರದಿಂದ ಮೀನು ಸಾಗಿಸುವ ನಮ್ಮ ಪಿಕಪ್‌ನಲ್ಲಿ ಎಲ್ಲಿಯೂ ಸೋರಿಕೆ ಕಾಣದಿದ್ದರೂ ವಾರಕ್ಕೊಮ್ಮೆ ಕೂಲಂಟ್ ಇಳಿಯುತ್ತದೆ. ರೇಡಿಯೇಟರಿಗೆ ಅರಿಸಿನ ಪುಡಿ ಹಾಕಿ ಎಂದು ಚಾಲಕರೊಬ್ಬರು ಹೇಳುತ್ತಾರೆ. ಹಾಕಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಬೇಡ. ಅರಿಸಿನವೋ ಅಂಗಡಿಯ ಲೀಕ್ ಪುಡಿಯೋ ಸಣ್ಣ ತೂತನ್ನು ಮುಚ್ಚುವ ಬಗೆಯಲ್ಲಿಯೇ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ. ದಾರಿಯಲ್ಲಿ ಸಿಕ್ಕಿಬಿದ್ದವರು ಊರು ಮುಟ್ಟುವುದಕ್ಕೆ ಮಾಡುವ ಉಪಾಯ ಅದು. ನೀವು ಮೊದಲು ಮುಚ್ಚಳದ ರಬ್ಬರ್ ಬಿರಿದಿದೆಯೇ ನೋಡಿ, ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರದ ಸುತ್ತ ಒಣಗಿದ ಬಣ್ಣದ ಕಲೆ ಇದೆಯೇ ಪರೀಕ್ಷಿಸಿ. ಎರಡೂ ಸರಿಯಿದ್ದು, ಸೈಲೆನ್ಸರಿನಲ್ಲಿ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಇಜಿಆರ್ ಕೂಲರ್ (ಎಂಜಿನಿಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಭಾಗ) ಒಳಗಿಂದ ಸೋರುತ್ತಿರಬಹುದು. ವರ್ಕ್‌ಶಾಪಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಅಲ್ಲಿಯವರೆಗೆ ಭಾರದ ಲೋಡು ಹೇರಿ ಘಟ್ಟ ಹತ್ತಿಸಬೇಡಿ.