ಒಂದೇ ವಿಡಿಯೊಗೆ ಎರಡು ಸುಂಕ ಏಕೆ?

ಪ್ರಶ್ನೆ: ಯೂಟ್ಯೂಬ್, ನೆಟ್‌ಫ್ಲಿಕ್ಸ್‌ಗಳು ನಮ್ಮ ಟೆಲಿಕಾಂ ಕಂಪನಿಗಳ ಜಾಲವನ್ನು ಬಿಟ್ಟಿಯಾಗಿ ಬಳಸುತ್ತಿವೆ. ಅವುಗಳಿಂದ ಪಾಲು ವಸೂಲು ಮಾಡುವುದು ನ್ಯಾಯವಲ್ಲವೇ?

ಉತ್ತರ: ಅಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ‘ಬಿಟ್ಟಿ’ ಎಂಬ ಪದ ಕಂಡರೆ ನನಗೆ ಸಿಟ್ಟೂ ಬರುತ್ತದೆ. ವಿಡಿಯೊ ತಾನಾಗಿ ನಿಮ್ಮ ಮನೆಗೆ ನುಗ್ಗುವುದಿಲ್ಲ, ನೀವು ಕೇಳಿದ ಮೇಲೆ ಬರುತ್ತದೆ. ಅದನ್ನು ತಂದುಕೊಡುವುದಕ್ಕೆಂದೇ ನೀವು ರೀಚಾರ್ಜ್ ಮಾಡಿಸಿದ್ದೀರಿ. ಅದೇ ಸಾಗಾಟಕ್ಕೆ ಇನ್ನೊಂದು ತುದಿಯಿಂದಲೂ ಹಣ ಕೇಳುವುದು ಹೇಗೆ ನ್ಯಾಯವಾಗುತ್ತದೆ?

ಇನ್ನು ಆ ದೊಡ್ಡ ಕಂಪನಿಗಳು ಕೈಕಟ್ಟಿ ಕೂತಿಲ್ಲ. ನೆಟ್‌ಫ್ಲಿಕ್ಸ್ 2012ರಿಂದ ಇಂಟರ್ನೆಟ್ ಸೇವಾ ಕಂಪನಿಗಳಿಗೆ ತನ್ನದೇ ಸಂಗ್ರಹ ಪೆಟ್ಟಿಗೆಗಳನ್ನು ಕೊಡುತ್ತಿದೆ. ಒಂದು ಸೂಟ್‌ಕೇಸಿನಷ್ಟಿರುವ ಆ ಪೆಟ್ಟಿಗೆಯಲ್ಲಿ ಸಾಲಾಗಿ ಡಿಸ್ಕ್‌ಗಳು, ಹಿಂದೆ ಭರ್‍ರೆನ್ನುವ ಫ್ಯಾನುಗಳು. ಜನ ಮಲಗಿದ ಹೊತ್ತಿನಲ್ಲಿ ಅದು ಹೊಸ ಸಿನಿಮಾಗಳನ್ನು ತುಂಬಿಕೊಳ್ಳುತ್ತದೆ. ಮರುದಿನ ಸಂಜೆ ಸಾವಿರ ಮಂದಿ ಅದೇ ಸಿನಿಮಾ ನೋಡಿದರೂ ಸಮುದ್ರದಾಚೆಯಿಂದ ಸಾವಿರ ಸಲ ತರಬೇಕಾಗಿಲ್ಲ. ಸೇವಾ ಕಂಪನಿಗೆ ಉಳಿತಾಯ, ನೋಡುವವರಿಗೆ ವೇಗ. ಅಂಚಿನಲ್ಲಿ, ಅಂದರೆ ನೋಡುವವರ ಹತ್ತಿರವೇ, ಸಂಗ್ರಹ ಇಟ್ಟವನಿಗೆ ಲಾಭವಾಗುವಂತೆ ಜಾಲ ರೂಪುಗೊಂಡಿದ್ದರಿಂದಲೇ ವಿಡಿಯೊ ಇಷ್ಟು ಅಗ್ಗವಾಯಿತು.

ಈ ಲೆಕ್ಕವನ್ನು ತಲೆಕೆಳಗು ಮಾಡಿದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಕೊರಿಯಾದಲ್ಲಿ ನೋಡಿ. 2016ರಲ್ಲಿ ಅಲ್ಲಿ ಹೊಸ ನಿಯಮ ಬಂತು: ಒಂದು ಸೇವಾ ಕಂಪನಿಯಿಂದ ಇನ್ನೊಂದಕ್ಕೆ ಹೆಚ್ಚು ದತ್ತಾಂಶ ಹೋದರೆ, ಕಳುಹಿಸಿದ ಕಂಪನಿಯೇ ಹಣ ಕೊಡಬೇಕು. ಫೇಸ್‌ಬುಕ್‌ನ ಸಂಗ್ರಹ ಅಲ್ಲಿನ ಮೂರು ದೊಡ್ಡ ಸೇವಾ ಕಂಪನಿಗಳಲ್ಲೊಂದಾದ ಕೆಟಿಯ ಜಾಲದಲ್ಲಿತ್ತು. ಜನಪ್ರಿಯ ತಾಣಕ್ಕೆ ಜಾಗ ಕೊಟ್ಟ ತಪ್ಪಿಗೆ ಕೆಟಿಯೇ ಉಳಿದವರಿಗೆ ಹಣ ತೆರಬೇಕಾಯಿತು, ಆ ಹೊರೆ ಫೇಸ್‌ಬುಕ್ ಕಡೆಗೆ ತಿರುಗಿತು. ಫೇಸ್‌ಬುಕ್ ಉಳಿದ ಎರಡು ಕಂಪನಿಗಳ ಗ್ರಾಹಕರನ್ನು ವಿದೇಶದ ದಾರಿಗೆ ತಿರುಗಿಸಿತು. ವೇಗ ಕುಸಿದು ನರಳಿದವರು ಆ ಗ್ರಾಹಕರು. ನೇರಪ್ರಸಾರದ ವಿಡಿಯೊ ತಾಣ ಟ್ವಿಚ್ 2022ರಲ್ಲಿ ಅಲ್ಲಿ ವಿಡಿಯೊ ಗುಣಮಟ್ಟವನ್ನು 720ಪಿಗೆ ಇಳಿಸಿ, ಜಾಲದ ಶುಲ್ಕ ಬೇರೆ ಬಹುತೇಕ ದೇಶಗಳ ಹತ್ತು ಪಟ್ಟು ಎಂದು ಹೇಳಿ, 2024ರ ಫೆಬ್ರುವರಿಯಲ್ಲಿ ದೇಶವನ್ನೇ ಬಿಟ್ಟಿತು. ಅದನ್ನು ನಂಬಿ ಬದುಕು ಕಟ್ಟಿಕೊಂಡಿದ್ದ ಕೊರಿಯನ್ ಕಲಾವಿದರು ಬೇರೆ ವೇದಿಕೆ ಹುಡುಕಬೇಕಾಯಿತು.

ನಮ್ಮ ಟೆಲಿಕಾಂ ಕಂಪನಿಗಳ ಒಕ್ಕೂಟವೂ ಇಂಥದೇ ಪಾಲು ಕೇಳುತ್ತಿದೆ. ನನಗೆ ಗೂಗಲ್ ಬಗ್ಗೆ ಮರುಕವಿಲ್ಲ, ಅದು ಕಟ್ಟಬಲ್ಲದು. ನನ್ನ ಆತಂಕ ಉಡುಪಿಯ ಯಕ್ಷಗಾನ ಮೇಳವೊಂದು ತನ್ನದೇ ತಾಣದಲ್ಲಿ ಪ್ರಸಂಗ ತೋರಿಸಲು ಹೊರಟರೆ ಏನು ಗತಿ ಎಂಬುದು. ಈ ಶುಲ್ಕ ದೊಡ್ಡವರಿಗೆ ಮಾತ್ರ ಎಂಬ ಮಿತಿಯ ಮಾತನ್ನು ನಾನು ನಂಬುವುದಿಲ್ಲ. ಸಣ್ಣವರ ತಾಣಗಳಿಗೆ ಬಾಡಿಗೆಗೆ ಜಾಗ ಕೊಡುವ ಹೋಸ್ಟಿಂಗ್ ಕಂಪನಿಗೆ ಬಿದ್ದ ಶುಲ್ಕ ಅವರ ಬಿಲ್ಲಿಗೇ ಇಳಿಯುತ್ತದೆ.

ಪ್ರಶ್ನೆ: ಇಂಟರ್ನೆಟ್ ವೇಗ ದುಪ್ಪಟ್ಟು ಮಾಡುವ ಆ್ಯಪ್ ಹಾಕಿಕೊಳ್ಳಬಹುದೇ?

ಉತ್ತರ: ಬೇಡ. ಟವರಿನ ದಟ್ಟಣೆಯನ್ನು ಯಾವ ಆ್ಯಪೂ ಕರಗಿಸಲಾರದು. ಇದನ್ನು ಮಾರುವವರು ಮೋಸಗಾರರು.

ಪ್ರಶ್ನೆ: ನನ್ನ ವಿಡಿಯೊ ತಾಣಕ್ಕೆ ‘ಅನಿಯಮಿತ ಬ್ಯಾಂಡ್‌ವಿಡ್ತ್’ ಯೋಜನೆಯನ್ನು ಮೂರು ವರ್ಷಕ್ಕೆ ಕೊಳ್ಳಲೇ?

ಉತ್ತರ: ಕೊಳ್ಳಬೇಡಿ. ಕರಾರಿನಲ್ಲಿ ‘ನ್ಯಾಯಯುತ ಬಳಕೆ’ ಎಂಬ ಷರತ್ತನ್ನು ಹುಡುಕಿ ಓದಿ, ಮಿತಿ ಅಲ್ಲಿರುತ್ತದೆ. ತಿಂಗಳ ಲೆಕ್ಕದಲ್ಲಿ ತೆಗೆದುಕೊಳ್ಳಿ, ತಾಣದಿಂದ ಹೊರಹೋಗುವ ಪ್ರತಿ ಜಿಬಿ ದತ್ತಾಂಶಕ್ಕೆ ಎಷ್ಟು ಹಣ ಎಂಬುದನ್ನು ಬರಹದಲ್ಲಿ ಪಡೆಯಿರಿ.